ಬಾಣಂತಿಯರನ್ನು ವಾಪಸ್ ಕರೆತರುವ ಕೆಲಸ

ಈ ಕೆಲಸ ನನ್ನಿಂದ ಆಗಲಿಕ್ಕಿಲ್ಲ ಎಂದು ಮೊದಲು ಹೇಳಿದ್ದು, ನಾನು ಆಯಾ ಆಗಿದ್ದ ನರ್ಸಿಂಗ್ ಹೋಮಿನ ಹೆಡ್ ಸಿಸ್ಟರ್. "ನೆಲ ಒರೆಸುವವಳು ರಿಸರ್ಚ್ ಮಾಡುವುದಾ? ಮೂರು ದಿವಸಕ್ಕೆ ವಾಪಸ್ ಬರ್ತಿ. ಬಕೆಟ್ ಇಲ್ಲೇ ಇಟ್ಟಿರ್ತೇನೆ" ಎಂದರು. ಎರಡನೆಯದಾಗಿ ಹೇಳಿದ್ದು ನನ್ನ ದೊಡ್ಡಪ್ಪ. ಅವರು ನನ್ನ ಹತ್ತಿರ ಹೇಳಲಿಲ್ಲ, ನಮ್ಮ ಕಾಸರಗೋಡಿನ ಉಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಉಳಿದ ಎಲ್ಲರಿಗೂ ಹೇಳಿದರು. ಮೂರನೆಯವಳು ನಾನೇ. ಆದರೆ ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇಂಗ್ಲಿಷ್ ಓದಲು ಕಲಿತದ್ದು ಮದ್ದಿನ ಪೆಟ್ಟಿಗೆಯೊಳಗೆ ಮಡಚಿ ಇಡುವ ಕಾಗದದಿಂದ. ಅಂಗೈಯಷ್ಟು ಇರುವ ಆ ಕಾಗದವನ್ನು ಬಿಡಿಸುತ್ತಾ ಹೋದರೆ ಮೇಜು ಮುಚ್ಚುವಷ್ಟಾಗುತ್ತದೆ. ವಾರ್ಡು ಒರೆಸಿ ಮುಗಿದ ಮೇಲೆ ಮೆಟ್ಟಿಲಲ್ಲಿ ಕುಳಿತು ಅದನ್ನು ಬೆರಳಿಟ್ಟು ಓದುತ್ತಿದ್ದೆ. ಯಾವ ಮಾತ್ರೆ ತಿಂದರೆ ತಲೆ ತಿರುಗುತ್ತದೆ, ಯಾವುದಕ್ಕೆ ವಾಂತಿ ಬರುತ್ತದೆ ಎಂಬುದೇ ನನ್ನ ಮೊದಲ ಪಾಠ. ಆಮೇಲೆ ಪಂಚಾಯತ್ ಲೈಬ್ರೆರಿಯ ಒಂದು ಕಪಾಟು ಮುಗಿಸಿದೆ, ಮತ್ತೊಂದು ಮುಗಿಸಿದೆ. ಮೂವತ್ತು ದಾಟಿದ ಮೇಲೆ, ಶಾಲೆ ಬಿಟ್ಟವರಿಗೆಂದು ಇರುವ ತುಲ್ಯತಾ ಪರೀಕ್ಷೆ ಬರೆದು ಹತ್ತನೇ ಕ್ಲಾಸ್ ಪಾಸಾದೆ. ಆಮೇಲೆ ರಕ್ತ ತೆಗೆಯುವ ಕೋರ್ಸ್.

ಅಷ್ಟರಲ್ಲಿ ಬಂತು ಈ ಸ್ಟಡಿ. ಮೊದಲು ಶುಗರ್ ಇಲ್ಲದ ಹೆಂಗಸರಿಗೂ ಬಸಿರಿನಲ್ಲಿ ಶುಗರ್ ಬರುವುದುಂಟು. ಹೆತ್ತ ಮೇಲೆ ಹೆಚ್ಚಿನವರಿಗೆ ಅದು ಹೋಗುತ್ತದೆ. ಕೆಲವರಿಗೆ ಹೋಗುವುದಿಲ್ಲ, ಸದ್ದಿಲ್ಲದೆ ಒಳಗೇ ಕುಳಿತುಕೊಳ್ಳುತ್ತದೆ. ಹೋಯಿತಾ, ಕುಳಿತಿದೆಯಾ ಎಂದು ತಿಳಿಯಬೇಕಾದರೆ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ, ಹನ್ನೆರಡು ವಾರ ಮುಗಿಯುವ ಮೊದಲು, ಇನ್ನೊಮ್ಮೆ ರಕ್ತ ನೋಡಬೇಕು. ಸ್ಟಡಿಯ ಜೀವ ಇರುವುದು ಆ ಕೊನೆಯ ರಕ್ತದಲ್ಲಿ. ಆದರೆ ಹೊಟ್ಟೆಯಲ್ಲಿ ಮಗು ಇರುವಾಗ ಕರೆದಲ್ಲಿಗೆ ಬರುವ ಹೆಂಗಸು, ಮಗು ಮಡಿಲಿಗೆ ಬಂದ ಮೇಲೆ ತನಗೂ ಒಂದು ಮೈ ಉಂಟು ಎಂಬುದನ್ನೇ ಮರೆತುಬಿಡುತ್ತಾಳೆ.

ತುಳು, ಬ್ಯಾರಿ, ಮಲಯಾಳಂ, ಕನ್ನಡ ನಾಲ್ಕರಲ್ಲೂ ಜಗಳ ಮಾಡಲು ಬರುವವಳು ಎಂದು ನನ್ನನ್ನು ತೆಗೆದುಕೊಂಡ ದೊಡ್ಡ ಡಾಕ್ಟರು, ಮಂಗಲ್ಪಾಡಿ ಕಡೆಯ ಒಂದು ಕ್ಲಿನಿಕ್ಕಿನ ಹಿಂದುಗಡೆಯ ಕೋಣೆಯ ಕೀಲಿಕೈ ಕೊಡುವಾಗಲೇ ಹೇಳಿದ್ದರು: "ನಿಮ್ಮ ಪಟ್ಟಿಯಲ್ಲಿ ಮೂವತ್ತು ಮಂದಿ. ಹೆರಿಗೆಯ ನಂತರ ಇಪ್ಪತ್ತೈದು ಮಂದಿಯಾದರೂ ರಕ್ತ ಕೊಟ್ಟರೆ ಈ ಕೋಣೆ ಉಳೀತದೆ, ನಿಮ್ಮ ಕೆಲಸವೂ ಖಾಯಂ. ಇಪ್ಪತ್ತನಾಲ್ಕು ಆದರೆ ಮೇಲಿನವರು ಬೀಗ ಹಾಕ್ತಾರೆ. ಡಿಗ್ರಿ ಇಲ್ಲದವರನ್ನು ಬೇರೆ ಕಡೆಗೆ ತೆಗೆದುಕೊಳ್ಳಲು ನನ್ನಿಂದಾಗುವುದಿಲ್ಲ."

ಇಂಥ ಕೋಣೆಯಲ್ಲಿ ತಮಾಷೆ ಯಾವ ಗಳಿಗೆಗೆ ಬಾಗಿಲು ತಳ್ಳಿಕೊಂಡು ಬರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ವಾರಕ್ಕೊಂದು ಖಂಡಿತ. ಬಂದವರ ಎದುರು ನಗುವಂತಿಲ್ಲ. ಸಂಜೆವರೆಗೆ ನಗುವನ್ನು ತಡೆದು ಹಿಡಿದು ಮನೆಗೆ ಹೋದರೆ, ಹೇಳಲಿಕ್ಕೆ ಅಲ್ಲಿ ಯಾರೂ ಇಲ್ಲ. ಹಾಗಾಗಿ ಬರೆದಿಡುವ ಅಭ್ಯಾಸ. ಹೆಸರು ಮಾತ್ರ ಬರೆಯುವುದಿಲ್ಲ. ಗುಟ್ಟು ಕಾಯುತ್ತೇನೆ ಎಂದು ಒಬ್ಬೊಬ್ಬರಿಗೂ ಸಹಿ ಹಾಕಿ ಕೊಟ್ಟಿದ್ದೇನೆ.

ಅರ್ಧ ಗ್ಲಾಸ್

ಬಸಿರಿನಲ್ಲಿ ಮಾಡುವ ಪರೀಕ್ಷೆ ಹೀಗೆ: ಖಾಲಿ ಹೊಟ್ಟೆಯಲ್ಲಿ ಬರಬೇಕು. ಒಮ್ಮೆ ರಕ್ತ. ಆಮೇಲೆ ಗ್ಲುಕೋಸ್ ಪುಡಿ ಕಲಸಿದ ದೊಡ್ಡ ಗ್ಲಾಸಿನ ನೀರನ್ನು ಐದು ನಿಮಿಷದೊಳಗೆ ಕುಡಿಯಬೇಕು. ಒಂದು ಗಂಟೆ ಬಿಟ್ಟು ರಕ್ತ, ಎರಡನೇ ಗಂಟೆಗೆ ಮತ್ತೊಮ್ಮೆ ರಕ್ತ. ಆ ನೀರು ಎಂತದೆಂದು ಕುಡಿದವರಿಗೇ ಗೊತ್ತು. ಪಾಯಸಕ್ಕೆ ಎರಡು ಸಲ ಕೈ ಒಡ್ಡುವವರೂ ಅರ್ಧಕ್ಕೆ ಬರುವಾಗ ಮುಖ ಹಿಂಡುತ್ತಾರೆ.

ಒಂದು ದಿವಸ ಸಣ್ಣ ಪ್ರಾಯದ ಒಬ್ಬಳು ಅತ್ತೆಯ ಜೊತೆ ಬಂದಳು. ಬ್ಯಾರಿ ಮನೆಯವರು. ಗ್ಲಾಸ್ ಅವಳ ಕೈಗೆ ಕೊಟ್ಟು, "ಒಂದು ಹನಿ ಉಳಿಸಬಾರದು, ಚೆಲ್ಲಲೂ ಬಾರದು" ಎಂದು ಹೇಳಿ, ಚೀಟಿ ತರಲು ಆಚೆ ಕೋಣೆಗೆ ಹೋದೆ. ಬಂದು ನೋಡಿದರೆ ಗ್ಲಾಸ್ ತೊಳೆದಿಟ್ಟ ಹಾಗೆ ಖಾಲಿ. ಇಷ್ಟು ಬೇಗ ಯಾರೂ ಮುಗಿಸಿದ್ದಿಲ್ಲ. "ಭಾರಿ ಹುಷಾರಿದ್ದಿ ಮಗಾ" ಎಂದು ಬೆನ್ನು ತಟ್ಟಿದೆ. ಅವಳು ನೆಲ ನೋಡಿದಳು.

ಒಂದು ಗಂಟೆಯ ರಕ್ತವನ್ನು ಸಣ್ಣ ಮೆಷಿನಿನಲ್ಲಿ ನೋಡಿದರೆ ಶುಗರ್ ಏರಿದ್ದು ತೀರ ಕಡಿಮೆ. ನನಗೆ ಆಶ್ಚರ್ಯ. ಆಚೆ ಬೆಂಚಿನಲ್ಲಿ ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಮೂರನೇ ಸಲ ನೀರು ಕೇಳುತ್ತಿದ್ದರು.

"ಉಮ್ಮಾ, ಆ ಗ್ಲಾಸಿನದ್ದು ಪೂರ್ತಿ ಇವಳೇ ಕುಡಿದದ್ದಾ?"

"ಅರ್ಧ ಅವಳು, ಅರ್ಧ ನಾನು."

"ನೀವು ಯಾಕೆ ಕುಡಿದ್ರಿ?"

"ಮತ್ತೆ ಎಂತ ಮಾಡುವುದು? ಅವಳು ವಾಂತಿ ಬರ್ತದೆ ಅಂತಾಳೆ. ನೀನು ಉಳಿಸಬಾರದು, ಚೆಲ್ಲಬಾರದು ಅಂತಿ. ಇಬ್ಬರ ಮಾತೂ ನಡೀಬೇಕಲ್ಲ?"

ಸಿಟ್ಟು ನುಂಗಿಕೊಂಡು ಅವರ ಬೆರಳನ್ನೂ ಚುಚ್ಚಿ ನೋಡಿದೆ. ಮೆಷಿನ್ ತೋರಿಸಿದ ಸಂಖ್ಯೆಯನ್ನು ಎರಡು ಸಲ ಓದಿದೆ. ಗ್ಲುಕೋಸ್ ನೀರಿನದ್ದೊಂದೇ ಅಲ್ಲ, ಎಷ್ಟೋ ವರ್ಷದಿಂದ ಇದ್ದ ಶುಗರ್ ಎಂದು ಆಮೇಲೆ ಡಾಕ್ಟರು ನೋಡಿ ಹೇಳಿದರು. ಮದ್ದು, ಪಥ್ಯ, ತಿಂಗಳು ತಿಂಗಳು ತಪಾಸಣೆ ಎಂದೆಲ್ಲ ನಾನು ವಿವರಿಸಿದ್ದನ್ನು ಅವರು ಗಂಭೀರವಾಗಿ ಕೇಳಿದರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು:

"ನನ್ನ ಹೆಸರನ್ನೂ ನಿನ್ನ ಪುಸ್ತಕದಲ್ಲಿ ಬರ್ಕೋ. ಆದರೆ ಬಸುರಿ ಅಂತ ಮಾತ್ರ ಬರೀಬೇಡ ಮಾರಾಯ್ತಿ. ನಮ್ಮವರು ದುಬೈಗೆ ಹೋಗಿ ಎರಡು ವರ್ಷ ಆಯ್ತು!"

ಹತ್ತು ಬೆರಳು

ಅರ್ಧ ಗ್ಲಾಸಿನ ಆ ಸೊಸೆಗೆ ಮರುವಾರ ಪೂರ್ತಿ ಗ್ಲಾಸ್ ಕುಡಿಸಿ ನೋಡಿದಾಗ ಶುಗರ್ ಇತ್ತು. ಅವಳ ಹೆರಿಗೆಯಾದ ಎಂಟನೇ ವಾರಕ್ಕೆ ಆ ಅತ್ತೆಯೇ ಅವಳನ್ನು ಕೈ ಹಿಡಿದು ಕರೆದುಕೊಂಡು ಬಂದರು, ಈ ಸಲ ತಾವಾಗಿಯೇ ಬಾಗಿಲ ಹೊರಗೆ ಕುಳಿತರು. ನನ್ನ ಪಟ್ಟಿಯಲ್ಲಿ ಬಿದ್ದ ಮೊದಲ ಗುರುತು ಅದು. ಎರಡನೆಯದನ್ನು ಹಾಕಿಸಿದ್ದು, ಹೆಂಡತಿಯನ್ನು ತಾನೇ ಕರೆತಂದ ಒಬ್ಬ ಗಂಡ. ಅವನ ಕಥೆ ಅವಳ ಬಸಿರಿನಲ್ಲೇ ಶುರುವಾದದ್ದು.

ಶುಗರ್ ಬಂದ ಬಸುರಿಯರಿಗೆ ನಾವು ಮನೆಗೇ ಒಂದು ಸಣ್ಣ ಮೆಷಿನ್ ಕೊಡುತ್ತೇವೆ. ದಿನಕ್ಕೆ ನಾಲ್ಕು ಸಲ ಬೆರಳ ತುದಿ ಚುಚ್ಚಿ ನೋಡಿಕೊಳ್ಳಬೇಕು. ಹಾಗೆ ಕೊಂಡುಹೋದ ತುಳು ಮನೆಯ ಒಬ್ಬಳ ಸಂಖ್ಯೆಗಳು ಬಹಳ ಚಂದ ಬರುತ್ತಿದ್ದವು. ಊಟಕ್ಕೆ ಮೊದಲು ಚಂದ, ಊಟವಾದ ಮೇಲೆ ಚಂದ, ನೆಂಟರ ಮನೆಯ ಮದುವೆಯ ಮರುದಿವಸವೂ ಚಂದ. ಮೀಟಿಂಗಿನಲ್ಲಿ ಡಾಕ್ಟರು ಅವಳನ್ನು ಉಳಿದವರಿಗೆ ಮಾದರಿ ಎಂದರು. ಹೊಟ್ಟೆಯೊಳಗಿನ ಮಗು ಮಾತ್ರ ಸ್ಕ್ಯಾನಿಂಗಿನಲ್ಲಿ ದಪ್ಪಗಾಗುತ್ತಾ ಹೋಗುತ್ತಿತ್ತು.

ಮೆಷಿನಿನೊಳಗೆ ದಿವಸ, ಗಂಟೆ ಎಲ್ಲ ಉಳಿಯುತ್ತದೆ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ನಾನು ಗುಂಡಿ ಒತ್ತುತ್ತಾ ಹೋದೆ. ಒಂದು ಬುಧವಾರ ಹನ್ನೊಂದು ಗಂಟೆ ಹತ್ತು ನಿಮಿಷ ಎಂದು ಬಂತು. ನನ್ನ ಪುಸ್ತಕ ತೆರೆದು ನೋಡಿದೆ.

"ಈ ಹೊತ್ತಿಗೆ ನೀನು ಇಲ್ಲಿ, ಇದೇ ಕುರ್ಚಿಯಲ್ಲಿ, ನನ್ನ ಎದುರು ಕುಳಿತಿದ್ದಿ. ಮೆಷಿನ್ ಮನೆಯಲ್ಲಿ ಮರೆತೆ ಅಂದಿದ್ದಿ. ಮನೆಯಲ್ಲಿದ್ದ ಮೆಷಿನ್ ಯಾರ ಬೆರಳು ಚುಚ್ಚಿದ್ದು?"

ಅವಳು ಅಳಲು ಶುರುಮಾಡಿದಳು. ಬಾಗಿಲಲ್ಲಿ ನಿಂತಿದ್ದ ಗಂಡ ಒಳಗೆ ಬಂದ. ಇಲ್ಲೇ ನಮ್ಮ ಅನಂತಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುವವನು, ಆರಡಿ ಎತ್ತರ, ಎಮ್ಮೆ ಅಡ್ಡ ಬಂದರೂ ನಿಲ್ಲಿಸುವಂಥ ಎದೆ.

"ಮೆಷಿನ್ ಮನೆಯಲ್ಲಿ ಇರಲಿಲ್ಲ ಅಕ್ಕ. ನನ್ನ ಟಿಫಿನ್ ಬ್ಯಾಗಿನಲ್ಲಿತ್ತು."

"ನಿಮಗೆ ಯಾಕೆ?"

"ಅವಳಿಗೆ ಸೂಜಿ ಅಂದರೆ ಹೆದರಿಕೆ. ಚುಚ್ಚುವಾಗ ಕಣ್ಣಲ್ಲಿ ನೀರು ಬರ್ತದೆ. ನನಗೆ ನೋಡ್ಲಿಕ್ಕಾಗುವುದಿಲ್ಲ. ಹೇಗೂ ಒಂದೇ ಪಾತ್ರೆಯ ಅನ್ನ ತಿನ್ನುವುದಲ್ವಾ, ಸಂಖ್ಯೆಯೂ ಅದೇ ಬರಬಹುದು ಅಂತ..." ಎಂದು ಕೈ ಮುಂದೆ ಚಾಚಿದ. ಹತ್ತು ಬೆರಳಿನ ತುದಿಯಲ್ಲೂ ಕಪ್ಪು ಚುಕ್ಕಿ. ದಿನಕ್ಕೆ ನಾಲ್ಕರಂತೆ ಐದು ವಾರ.

ಬೈಯಬೇಕೆಂದು ಬಾಯಿ ತೆರೆದಿದ್ದೆ. ಬೈಯುವ ಬದಲು ಆ ಬೆರಳುಗಳನ್ನು ಒಂದೊಂದಾಗಿ ಸ್ಪಿರಿಟ್ ಹಚ್ಚಿ ಒರೆಸಿದೆ. ನನಗೆ ಜ್ವರ ಬಂದರೆ ಥರ್ಮಾಮೀಟರನ್ನು ನಾನೇ ಇಟ್ಟು, ನಾನೇ ಗಡಿಯಾರ ನೋಡಿ, ನಾನೇ ತೆಗೆದು ಓದುವವಳು. ಮುಖ ತಿರುಗಿಸಿ ಡಾಕ್ಟರಿಗೆ ಫೋನ್ ಮಾಡಿ, ಮಾದರಿ ಹೆಂಗಸಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಡಾಕ್ಟರು ಹೇಳಿದರು:

"ಅವಳಿಗೆ ಇವತ್ತೇ ಇನ್ಸುಲಿನ್ ಶುರುಮಾಡುವ. ಅದನ್ನೂ ಅವನೇ ಚುಚ್ಚಿಸಿಕೊಳ್ಳುವುದಾದರೆ, ಹೆರಿಗೆಗೂ ಅವನನ್ನೇ ಎಡ್ಮಿಟ್ ಮಾಡಿ!"

ಗುಟ್ಟಾಗಿ ಇಡಲಾಗುವುದು

ಪಟ್ಟಿಯಲ್ಲಿದ್ದ ಇನ್ನೊಬ್ಬಳ ಗಂಡ ಬಹರೈನಿನಲ್ಲಿ. ತವರು ಪೆರ್ಲದಲ್ಲಿ. ಇವಳು ನಮ್ಮ ಮಂಗಲ್ಪಾಡಿಯಲ್ಲಿ ಅತ್ತೆಯ ಜೊತೆ. ಕೇಳಿದ ಪ್ರಶ್ನೆಗೆ ಹೂಂ, ಇಲ್ಲ ಎಂಬೆರಡನ್ನು ಬಿಟ್ಟು ಮೂರನೇ ಮಾತು ಆಡಿದವಳಲ್ಲ.

ಬಸುರಿಯರಿಗೆ ನಾವು ಒಂದು ಪುಸ್ತಕ ಕೊಡುತ್ತೇವೆ. ಬೆಳಗ್ಗಿನಿಂದ ರಾತ್ರಿವರೆಗೆ ತಿಂದದ್ದೆಲ್ಲವನ್ನೂ ಅದರಲ್ಲಿ ಬರೆಯಬೇಕು. ಅದರ ಮೊದಲ ಪುಟದಲ್ಲಿ "ನೀವು ಬರೆದದ್ದನ್ನು ಗುಟ್ಟಾಗಿ ಇಡಲಾಗುವುದು" ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ಓದಿ ಹೇಳುವುದು ನನ್ನ ಕೆಲಸ, ಓದಿ ಹೇಳಿದೆ. ಉಳಿದವರು ವಾರಕ್ಕೆ ಒಂದು ಪುಟ ತುಂಬಿಸಲಿಕ್ಕೆ ಒದ್ದಾಡುತ್ತಾರೆ. ಇವಳು ವಾರ ಮುಗಿಯುವಾಗ ಇನ್ನೊಂದು ಪುಸ್ತಕ ಕೇಳಿದಳು. ತೆರೆದು ನೋಡಿದೆ.

"ಬೆಳಗ್ಗೆ: ನೀರುದೋಸೆ ಎರಡು. ಮೂರನೆಯದಕ್ಕೆ ಕೈ ಹಾಕುವಾಗ ಅತ್ತೆ ಕೆಮ್ಮಿದರು. ಹಾಗಾಗಿ ಎರಡೇ."

"ಹತ್ತು ಗಂಟೆ: ಬಾಳೆಹಣ್ಣು ಒಂದು. ನಾದಿನಿ ಬಂದಿದ್ದಾಳೆ. ಎರಡು ದಿವಸಕ್ಕೆ ಅಂತ ಹೇಳಿದ್ದು. ಬ್ಯಾಗ್ ನೋಡಿದರೆ ಎರಡು ತಿಂಗಳಿನದ್ದು."

"ಮಧ್ಯಾಹ್ನ: ಕುಚ್ಚಲಕ್ಕಿ ಅನ್ನ ಒಂದು ಸೌಟು, ಬಂಗುಡೆ ಮೀನಿನ ತಲೆ. ಬಂಗುಡೆಯ ನಡು ನಾದಿನಿಗೆ."

"ಸಂಜೆ: ಹಲಸಿನ ಹಣ್ಣಿನ ಮುಳ್ಕ, ಬೆಲ್ಲ ಹಾಕಿ ಕರಿದದ್ದು. ಎಲ್ಲರ ಎದುರಿಗೆ ಒಂದು. ಅಡಿಗೆಮನೆ ಬಾಗಿಲ ಹಿಂದೆ ನಾಲ್ಕು."

"ರಾತ್ರಿ: ಚಪಾತಿ ಒಂದು. ಇವರು ಫೋನ್ ಮಾಡಿದರು. ಊಟ ಆಯ್ತಾ ಕೇಳಿದರು. ಆಯ್ತು ಅಂದೆ. ಮತ್ತೆ ಎಂತ ಹೇಳುವುದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ."

"ಇದೆಲ್ಲ ಯಾಕೆ ಬರೆದದ್ದು?" ಎಂದು ಕೇಳಿದೆ.

"ನೀವೇ ಓದಿದ್ರಲ್ಲ ಅಕ್ಕ, ಗುಟ್ಟಾಗಿ ಇಡ್ತಾರೆ ಅಂತ. ಅಂಥ ಪುಸ್ತಕ ನನಗೆ ಇದುವರೆಗೆ ಯಾರೂ ಕೊಟ್ಟಿರಲಿಲ್ಲ."

ಮೂರನೇ ಮಾತು ಬಂದಿತ್ತು. ನಾನು ಎರಡನೇ ಪುಸ್ತಕ ಕೊಟ್ಟೆ. ಮೂರನೆಯದೂ ಕೊಟ್ಟೆ. ಲೈಬ್ರೆರಿಯ ಕಪಾಟುಗಳಲ್ಲಿ ಎಷ್ಟೋ ಓದಿದ್ದೇನೆ, ಆ ವರ್ಷ ಅದಕ್ಕಿಂತ ಒಳ್ಳೆಯ ಪುಸ್ತಕ ನನ್ನ ಕೈಗೆ ಬರಲಿಲ್ಲ. ಮನೆಗೆ ಹೋಗಿ ಗಂಜಿ ಊಟ ಮಾಡುವಾಗ ನಾನೂ ಮನಸ್ಸಿನಲ್ಲೇ ಬರೆಯುತ್ತಿದ್ದೆ. ರಾತ್ರಿ: ಗಂಜಿ, ಉಪ್ಪಿನಕಾಯಿ. ಯಾರೂ ಕೆಮ್ಮಲಿಲ್ಲ.

ಇವಳು ಬರೆದದ್ದನ್ನೆಲ್ಲ ಮಲಯಾಳಕ್ಕೆ ತಿರುಗಿಸಿ, ಕನ್ನಡ ಬಾರದ ನಮ್ಮ ಡಯಟೀಷನ್ ಮೇಡಮ್ಮಿಗೆ ಕಳಿಸಬೇಕು. ಅವರು ಅಕ್ಕಿ ಎಷ್ಟು, ಬೆಲ್ಲ ಎಷ್ಟು ಎಂದು ಲೆಕ್ಕ ಮಾಡಿ ಸಲಹೆ ಬರೆದು ವಾಪಸ್ ಕಳಿಸಬೇಕು. ತಿಂಡಿಯ ಹೆಸರಷ್ಟೇ ಕಳಿಸಿದರೆ ಸಾಕಿತ್ತು. ನಾನು ಹಟದವಳು. ಬರೆದದ್ದರಲ್ಲಿ ಒಂದಕ್ಷರ ಬಿಡಬಾರದು ಎಂದು ನಿಯಮ ಇರುವಾಗ ಬಿಡುವುದು ಹೇಗೆ? ಕೆಮ್ಮು, ಬ್ಯಾಗು, ಬಂಗುಡೆಯ ನಡು ಎಲ್ಲ ಕಳಿಸಿದೆ. ಮೂರು ದಿವಸದಲ್ಲಿ ಬರಬೇಕಾದ ಉತ್ತರ ಅವತ್ತು ಸಂಜೆಯೇ ಬಂತು. ಅಕ್ಕಿಯ ಲೆಕ್ಕ ಇಲ್ಲ, ಬೆಲ್ಲದ ಲೆಕ್ಕ ಇಲ್ಲ. ಎರಡೇ ಸಾಲು:

"ಮುಂದಿನ ವಾರದ್ದು ಆದಷ್ಟು ಬೇಗ ಕಳಿಸಿ. ಆ ನಾದಿನಿ ಹೊರಟಳಾ, ಇಲ್ಲವಾ?"

ತೂಕದ ಮೆಷಿನ್

ಒಬ್ಬೊಬ್ಬರದ್ದೇ ಹೆರಿಗೆ ಆಯಿತು. ನನ್ನ ನಿಜವಾದ ಕೆಲಸ ಆಗ ಶುರುವಾಯಿತು. ಫೋನ್ ಮಾಡಿದರೆ "ನಾಳೆ ಬರ್ತೇನೆ ಅಕ್ಕ" ಎನ್ನುತ್ತಾರೆ. ನಾಳೆ ಫೋನ್ ಮಾಡಿದರೆ ಫೋನನ್ನು ಅತ್ತೆ ತೆಗೆಯುತ್ತಾರೆ. ದಿವಸ ಗೊತ್ತುಮಾಡಲು ಮೊದಲೇ ಅಂಗಳಕ್ಕೆ ಹೋಗಿ ನಿಂತರೆ, ನಲವತ್ತು ದಿವಸ ಕಳೆಯದೆ ಬಾಣಂತಿಯನ್ನು ಹೊಸ್ತಿಲು ದಾಟಿಸುವುದಿಲ್ಲ ಎಂದು ಅಜ್ಜಿಯರು ಬಾಗಿಲಿಗೆ ಅಡ್ಡ ಕೂರುತ್ತಾರೆ. ನಲವತ್ತು ಕಳೆದ ಮೇಲೆ ಹೋದರೆ, "ಹೆರಿಗೆ ಆಗಿ ಇಷ್ಟು ದಿವಸ ಆಯ್ತಲ್ಲ, ಇನ್ನು ಎಂತದಕ್ಕೆ ರಕ್ತ?" ಎನ್ನುತ್ತಾರೆ.

ತಾಯಿಯ ರಕ್ತಕ್ಕೆ ಬಂದೆ ಎಂದರೆ ಗೇಟು ಮುಚ್ಚುತ್ತದೆ, ಮಗುವಿನ ತೂಕ ನೋಡಲು ಬಂದೆ ಎಂದರೆ ಕುರ್ಚಿ ಬರುತ್ತದೆ ಎಂದು ನಾನು ಬೇಗ ಕಲಿತೆ. ಮಗುವನ್ನು ಮಲಗಿಸಿ ತೂಗುವ ನಮ್ಮ ಮೆಷಿನನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ.

ಹಾಗೆ ಒಂದು ಮನೆಗೆ ಹೋದಾಗ ಮಗುವನ್ನು ತೂಗಿದೆ, ತಾಯಿಯನ್ನು ಹೊರಡಿಸಲು ಕೇಳಿದೆ. ಅಜ್ಜಿ ಜಪ್ಪಯ್ಯ ಎನ್ನಲಿಲ್ಲ. ಅವರ ಕಣ್ಣು ಮೆಷಿನಿನ ಮೇಲೆ.

"ಇದು ಸರಿ ತೋರಿಸ್ತದಾ?"

"ಒಂದು ಗ್ರಾಂ ಆಚೆ ಈಚೆ ಆಗುವುದಿಲ್ಲ ಅಜ್ಜಿ. ಪ್ರತಿ ಸೋಮವಾರ ಪರೀಕ್ಷೆ ಮಾಡ್ತೇವೆ."

ಅಜ್ಜಿ ಒಳಗೆ ಹೋಗಿ, ಆಗಷ್ಟೇ ಮನೆ ಬಾಗಿಲಲ್ಲಿ ಕೊಂಡಿದ್ದ ಬಂಗುಡೆಯನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಬಂದರು. ನಾನು "ಅಯ್ಯೋ, ಬೇಡ ಬೇಡ" ಎನ್ನುವುದರೊಳಗೆ ಮಗು ಮಲಗಿದ್ದ ಜಾಗದಲ್ಲಿ ಮೀನು ಮಲಗಿತ್ತು. ಎರಡು ಕೆಜಿ ಎಂದು ಕೊಟ್ಟದ್ದು ಒಂದೂಮುಕ್ಕಾಲಿಗೂ ಬರಲಿಲ್ಲ. ಮೀನು ಮಾರುವವನು ಇನ್ನೂ ಪಕ್ಕದ ಮನೆಯ ಗೇಟಿನಲ್ಲೇ ಇದ್ದ. ಮುಂದಿನ ಹತ್ತು ನಿಮಿಷ ನಡೆದದ್ದನ್ನು ನಾನು ಬರೆಯುವುದಿಲ್ಲ. ನಾಲ್ಕು ಭಾಷೆ ಬರುವ ನನಗೂ ಅದರಲ್ಲಿ ಅರ್ಧ ಹೊಸದು.

ಜಗಳ ಗೆದ್ದು ಬಂದ ಅಜ್ಜಿ, ಕಡಿಮೆ ಬಿದ್ದಿದ್ದ ಮೀನನ್ನೂ ಎಲೆಗೆ ಹಾಕಿಕೊಂಡು, ಒಳಗೆ ತಿರುಗಿ ಕೂಗಿದರು: "ಹೊರಡೇ ಮಗಳೇ, ರಕ್ತ ಕೊಟ್ಟು ಬಾ. ಇವಳ ಹತ್ತಿರ ಮೋಸ ಇಲ್ಲ."

ಆ ಹೆಂಗಸಿಗೆ ಶುಗರ್ ಹೋಗಿರಲಿಲ್ಲ. ಹೊಸ್ತಿಲು ದಾಟದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಈಗ ಮದ್ದು ತಗೊಳ್ಳುತ್ತಿದ್ದಾಳೆ, ಹುಷಾರಾಗಿದ್ದಾಳೆ.

ಸುದ್ದಿ ಹಬ್ಬಿತು. ಆ ರಸ್ತೆಯ ಬಾಣಂತಿಯರೆಲ್ಲ ಬಂದರು. ಮೆಷಿನನ್ನು ಸೋಪು ಹಾಕಿ ಎಷ್ಟು ತಿಕ್ಕಿದರೂ ಮೂರು ದಿವಸ ನಮ್ಮ ಕೋಣೆ ಮೀನು ಮಾರ್ಕೆಟಿನ ಹಾಗಿತ್ತು. ಈಗಲೂ ಆ ಮೀನಿನವನು ದೂರದಲ್ಲಿ ನನ್ನ ಸ್ಕೂಟರ್ ಕಂಡರೆ ಬೈಕ್ ನಿಲ್ಲಿಸಿ, ಕೇಳದೆಯೇ ಪ್ರತಿ ಮನೆಗೆ ಎರಡೆರಡು ಮೀನು ಹೆಚ್ಚು ಹಾಕುತ್ತಾನಂತೆ!

ಅಕ್ಕ

ಇಪ್ಪತ್ತನಾಲ್ಕು ಗುರುತು ಬಿದ್ದವು. ಉಳಿದವರಲ್ಲಿ ಮೂವರು ಮಗುವಿನ ಜೊತೆ ಗಲ್ಫಿಗೆ ಹೋದರು, ಇಬ್ಬರು ಆಗುವುದಿಲ್ಲ ಎಂದು ಮುಖಕ್ಕೇ ಹೇಳಿದರು. ಕೊನೆಗೆ ಉಳಿದದ್ದು ಒಬ್ಬಳೇ, ಪುಸ್ತಕ ತುಂಬಿಸಿದವಳು. ಅವಳು ಹೆರಿಗೆಗೆ ಪೆರ್ಲದ ತವರಿಗೆ ಹೋಗಿದ್ದಳು. ಬರುತ್ತೇನೆ ಎಂದ ಮೊದಲ ಸಲ ಮಗುವಿಗೆ ಜ್ವರ. ಎರಡನೇ ಸಲ, ಎಳೆ ಮಗುವನ್ನು ಎರಡೆರಡು ಬಸ್ಸಿನಲ್ಲಿ ಕಳಿಸುವುದಿಲ್ಲ ಎಂದು ಅವಳ ಅಮ್ಮನ ಹಟ. ಹನ್ನೆರಡು ವಾರ ಮುಗಿಯುವ ಕೊನೆಯ ದಿವಸ ಬಂತು. ಅದೇ ದಿವಸ ಬೆಳಗ್ಗೆ ಹತ್ತಕ್ಕೆ ಕಾಸರಗೋಡಿನಲ್ಲಿ ಮೇಲಿನವರ ಮೀಟಿಂಗ್. ಯಾವ ಕೋಣೆ ಇರಬೇಕು, ಯಾವುದಕ್ಕೆ ಬೀಗ ಎಂದು ಅವತ್ತೇ ಹೇಳುವುದು. ನಾನೇ ನಿಂತು ಲೆಕ್ಕ ಕೊಡಬೇಕು ಎಂದು ಡಾಕ್ಟರು ಎರಡು ಸಲ ಹೇಳಿದ್ದರು.

ನಿಂತು ಇಪ್ಪತ್ತನಾಲ್ಕು ಎಂದು ಹೇಳುವುದಾದರೆ ನಾನು ಯಾಕೆ ನಿಲ್ಲಬೇಕು? ಯಾರಿಗೂ ಹೇಳದೆ ಐಸ್ ಪೆಟ್ಟಿಗೆ ಹಿಡಿದುಕೊಂಡು ಬೆಳಗ್ಗಿನ ಬಸ್ಸಿನಲ್ಲಿ ಪೆರ್ಲಕ್ಕೆ ಹೋದೆ.

ಎಂಟೂವರೆಗೆ ಮೊದಲ ರಕ್ತ ತೆಗೆದೆ. ಗ್ಲುಕೋಸ್ ನೀರು ಕುಡಿಸಿದೆ. ಹೆತ್ತ ಮೇಲಿನ ಪರೀಕ್ಷೆಯಲ್ಲಿ ನಡುವಿನ ರಕ್ತ ಇಲ್ಲ. ಎರಡನೆಯದು ಎರಡು ಗಂಟೆ ಬಿಟ್ಟು, ಅಂದರೆ ಹತ್ತೂವರೆಗೆ. ಅಷ್ಟರವರೆಗೆ ಅವಳ ಬಾಯಿಗೆ ಏನೂ ಹೋಗದ ಹಾಗೆ ಕಾವಲು ಕೂರಬೇಕು. ಅವಳ ಅಮ್ಮ ಮೂರು ಸಲ ತಟ್ಟೆ ಹಿಡಿದುಕೊಂಡು ಬಂದರು. "ಒಂದು ಚೂರು ಬಾಣಂತಿ ಲೇಹ್ಯ ಅಲ್ವಾ, ಅದು ತಿಂಡಿ ಅಲ್ಲ, ಮದ್ದು" ಎಂದರು. ಮೂರು ಸಲವೂ ತಟ್ಟೆಯನ್ನು ನಾನು ತೆಗೆದಿಟ್ಟೆ. ಗೋಡೆಯ ಗಡಿಯಾರದಲ್ಲಿ ಹತ್ತು ಹೊಡೆಯಿತು. ಕಾಸರಗೋಡಿನಲ್ಲಿ ನನ್ನ ಕುರ್ಚಿ ಖಾಲಿ ಇದ್ದದ್ದು ಅಲ್ಲಿಂದಲೇ ಕಂಡ ಹಾಗಾಯಿತು.

ಆಗ ನನ್ನ ಫೋನ್ ಬಡಿಯಿತು. ಬಡಿದದ್ದು ಎರಡನೇ ನಂಬರ್.

ಈ ನಂಬರಿನ ಕಥೆ ಹೇಳಬೇಕು. ಕೆಲಸಕ್ಕೆ ಸೇರುವಾಗ ತುಂಬಿಸಿದ ಫಾರ್ಮಿನಲ್ಲಿ ಒಂದು ಸಾಲಿತ್ತು: ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು, ಸಂಬಂಧ, ಫೋನ್ ನಂಬರ್. ಅಮ್ಮ ತೀರಿಕೊಂಡು ಆಗ ಆರು ತಿಂಗಳಾಗಿತ್ತು. ದೊಡ್ಡಪ್ಪನ ಹೆಸರು ಬರೆಯುವ ಹಾಗಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ಖಾಲಿ ಬಿಟ್ಟರೆ ಕ್ಲಾರ್ಕ್ ವಾಪಸ್ ಕೊಡುತ್ತಾನೆ, ಎಲ್ಲರ ಎದುರು ಕೇಳುತ್ತಾನೆ. ನನ್ನ ಫೋನಿನಲ್ಲಿ ಎರಡು ಸಿಮ್ ಇತ್ತು. ಊರಿಗೆಲ್ಲ ನಾನು ಅಕ್ಕ, ನನಗೂ ಒಬ್ಬಳು ಇರಲಿ ಎಂದು "ಅಕ್ಕ" ಅಂತ ಬರೆದು ಎರಡನೇ ಸಿಮ್ಮಿನ ನಂಬರ್ ಹಾಕಿದ್ದೆ. ಇಷ್ಟು ಸಮಯ ಅದಕ್ಕೆ ಕಂಪೆನಿಯವರನ್ನು ಬಿಟ್ಟು ಬೇರೆ ಯಾರೂ ಫೋನ್ ಮಾಡಿದ್ದಿಲ್ಲ.

ಪೆರ್ಲದ ಆ ಮೂಲೆಯಲ್ಲಿ ಮೊದಲನೇ ಸಿಮ್ಮಿಗೆ ರೇಂಜ್ ಇರಲಿಲ್ಲ. ನಾನು ಫೋನ್ ತೆಗೆದೆ.

"ಹಲೋ, ಇದು ನಮ್ಮ ಸ್ಟಡಿಯವರ ಅಕ್ಕನ ನಂಬರಾ?" ದೊಡ್ಡ ಡಾಕ್ಟರ ದನಿ.

ಬಾಣಂತಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಈಗ ನಾನೇ ಎಂದರೆ ಫಾರ್ಮಿನಲ್ಲಿ ಬರೆದದ್ದು ಸುಳ್ಳಾಗುತ್ತದೆ. ದನಿಯನ್ನು ಸ್ವಲ್ಪ ನಿಧಾನ ಮಾಡಿ, "ಹೌದು" ಎಂದೆ.

"ನಿಮ್ಮ ತಂಗಿ ಎಲ್ಲಿ? ಬೆಳಗ್ಗಿನಿಂದ ಫೋನ್ ತಾಗುತ್ತಿಲ್ಲ. ಹುಷಾರುಂಟಲ್ವಾ?"

"ಹುಷಾರುಂಟು. ಪೆರ್ಲಕ್ಕೆ ಹೋಗಿದ್ದಾಳೆ, ಇಪ್ಪತ್ತೈದನೆಯವಳ ರಕ್ತಕ್ಕೆ. ಒಂದು ಗಂಟೆಯೊಳಗೆ ಬರ್ತಾಳೆ."

"ಇಪ್ಪತ್ತೈದಂತ ನಿಮಗೂ ಗೊತ್ತುಂಟಾ?"

"ಅವಳು ಎಲ್ಲ ನನ್ನ ಹತ್ತಿರ ಹೇಳ್ತಾಳೆ."

"ಅದು ಒಳ್ಳೆಯದು." ಅವರು ಉಸಿರು ಬಿಟ್ಟದ್ದು ಕೇಳಿಸಿತು. "ನೀವು ಹಿರಿಯವರು, ಅದಕ್ಕೆ ಹೇಳುವುದು. ಅವರು ಭಾರಿ ಹಟಮಾರಿ."

"ಸಣ್ಣದರಿಂದಲೂ ಹಾಗೆಯೇ."

"ಊಟ ಸರಿ ಮಾಡ್ತಾರಾ? ಬಸುರಿಯರ ತಟ್ಟೆಯಲ್ಲಿ ಅನ್ನದ ಅಗುಳು ಎಣಿಸ್ತಾರೆ, ಮಧ್ಯಾಹ್ನ ತಾವು ಬನ್ನು ತಿಂದು ನೀರು ಕುಡೀತಾರೆ. ನೀವು ಸ್ವಲ್ಪ ನೋಡ್ಕೊಳ್ಳಿ."

"ನೋಡ್ಕೊಳ್ತೇನೆ."

"ಇನ್ನೊಂದು, ಅವರ ಹತ್ತಿರ ಹೇಳಬೇಡಿ, ಹೇಳಿದರೆ ನಮ್ಮ ತಲೆ ಮೇಲೆ ಕೂತ್ಕೊಳ್ತಾರೆ. ಡಿಗ್ರಿ ಇದ್ದವರ ಕೋಣೆಗಳಲ್ಲಿ ಅರ್ಧದಷ್ಟು ತಾಯಂದಿರೂ ವಾಪಸ್ ಬರಲಿಲ್ಲ. ಈ ಕೆಲಸ ಅವರಿಂದಲ್ಲದೆ ಬೇರೆಯವರಿಂದ ಆಗ್ತಿರಲಿಲ್ಲ. ರಕ್ತ ತರಲಿ, ನಾನು ಮೀಟಿಂಗನ್ನು ಮಧ್ಯಾಹ್ನದವರೆಗೆ ಎಳೀತೇನೆ."

"ಹೇಳುವುದಿಲ್ಲ" ಎಂದೆ.

ಫೋನ್ ಇಟ್ಟೆ. ಬಾಣಂತಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವಳ ಮೈಯೆಲ್ಲ ಅಲುಗಿ ಮಡಿಲಿನ ಮಗು ಎದ್ದು ಅಳುತ್ತಿತ್ತು.

"ಇದನ್ನು ಯಾರ ಹತ್ತಿರವಾದರೂ ಹೇಳಿದರೆ ನೋಡು" ಎಂದೆ.

"ಇಲ್ಲ ಅಕ್ಕ. ಗುಟ್ಟಾಗಿ ಇಡಲಾಗುವುದು" ಎಂದು ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ಒಂದು ತಮಾಷೆಗೆ, ಅದು ಆದ ಜಾಗದಲ್ಲೇ, ಇನ್ನೊಬ್ಬರ ಜೊತೆ ಕುಳಿತು ನಕ್ಕದ್ದು ಎಷ್ಟು ವರ್ಷದ ನಂತರವೋ ಗೊತ್ತಿಲ್ಲ.

ಹತ್ತೂವರೆಗೆ ರಕ್ತ ತೆಗೆದೆ. ಸಣ್ಣ ಮೆಷಿನಿನಲ್ಲಿ ನೋಡಿದರೆ ಅವಳ ಶುಗರ್ ಇಳಿದಿತ್ತು. ಬಸ್ ಹಿಡಿದು, ಐಸ್ ಪೆಟ್ಟಿಗೆಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕಾಸರಗೋಡಿಗೆ ಮುಟ್ಟುವಾಗ ಮಧ್ಯಾಹ್ನ ಆಗಿತ್ತು. ಒಂದು ಗಂಟೆಯಲ್ಲಿ ಬರುತ್ತಾಳೆ ಎಂದು ಅಕ್ಕ ಹೇಳಿದ್ದು ಅಷ್ಟೇನೂ ಸರಿಯಾಗಿರಲಿಲ್ಲ. ಡಾಕ್ಟರು ಮೀಟಿಂಗನ್ನು ಎಳೆಯುತ್ತಲೇ ಇದ್ದರು. ಎಲ್ಲರ ಎದುರು ಪೆಟ್ಟಿಗೆ ಮೇಜಿನ ಮೇಲಿಟ್ಟು, "ಇಪ್ಪತ್ತೈದು" ಎಂದೆ.

ಕೋಣೆ ಉಳಿಯಿತು. ಹೊರಗೆ ಬರುವಾಗ ಡಾಕ್ಟರು ನನ್ನನ್ನು ಕರೆದು ನಿಲ್ಲಿಸಿದರು.

"ನಿಮ್ಮ ಅಕ್ಕನ ಹತ್ತಿರ ಮಾತಾಡಿದೆ. ಎಷ್ಟು ಸಮಾಧಾನದ ಹೆಂಗಸು! ಒಂದು ಮಾತಿಗೂ ಎದುರು ಹೇಳಲಿಲ್ಲ. ನೀವು ಒಂಚೂರಾದರೂ ಅವರ ಹಾಗೆ ಇರಬಾರದಿತ್ತಾ?"

"ಸಾಧ್ಯವೇ ಇಲ್ಲ ಸರ್" ಎಂದೆ.

"ವಿಷು ಹಬ್ಬದ ಊಟಕ್ಕೆ ಅವರನ್ನೂ ಕರೆದುಕೊಂಡು ಬನ್ನಿ."

"ಅವಳು ನನ್ನನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಸೇರುವವಳಲ್ಲ ಸರ್."

ಈಗ ನನ್ನದು ಎಂದು ಇರುವುದು: ಅನಂತಪುರದ ಕಡೆ ಕೆಂಪುಕಲ್ಲಿನ ಗುಡ್ಡದಲ್ಲಿ ಐದು ಸೆಂಟ್ಸ್ ಜಾಗ, ಅದರಲ್ಲಿ ಎರಡು ಕೋಣೆಯ ಮನೆ, ಸ್ಕೂಟರ್, ಗೋಡೆಯುದ್ದಕ್ಕೆ ಪುಸ್ತಕದ ಕಪಾಟು, ಮೇಜಿನ ಮೇಲೆ ನನ್ನ ಹೆಸರು ಬರೆದ ಹಲಗೆ, ಡ್ರಾವರಿನಲ್ಲಿ ಖಾಯಂ ಆದ ಕಾಗದ. ಇದಕ್ಕೆಲ್ಲ ನಾನು ಕೊಟ್ಟದ್ದು: ಗೊತ್ತುಮಾಡಿ ಆಗಿದ್ದ ಒಂದು ಮದುವೆ. ಕೆಲಸ ಬಿಡುವುದಾದರೆ ಮಾತ್ರ ಎಂದು ಗಂಡಿನ ಕಡೆಯವರು ಹೇಳಿದ್ದರು, ಬಿಡಲಿಲ್ಲ. ಅಮ್ಮನ ಕೊನೆಯ ವರ್ಷದ ಸಂಜೆಗಳು. ನಾನು ಕೋರ್ಸಿಗೆ ಓದುತ್ತಿದ್ದೆ, ಅವರು ಆಚೆ ಕೋಣೆಯಲ್ಲಿ ಮಾತಿಗೆ ಕಾಯುತ್ತಿದ್ದರು. ಮತ್ತೆ ಆ ಎರಡನೇ ಸಿಮ್ಮಿನ ರೀಚಾರ್ಜ್. ಆಮೇಲೆ ಆ ನಂಬರಿಗೆ ಯಾರೂ ಫೋನ್ ಮಾಡಿಲ್ಲ. ಆದರೂ ತಿಂಗಳು ತಿಂಗಳು ತಪ್ಪದೆ ಹಾಕುತ್ತೇನೆ. ಇರುವ ಒಬ್ಬಳೇ ಅಕ್ಕ, ಅವಳನ್ನು ಬಂದ್ ಮಾಡುವುದು ಹೇಗೆ?